ಹಂಚಿದ ಫೈಲಿನ ಮೇಲೆ ಯಂತ್ರದ ಕಣ್ಣು: ಕ್ಲೌಡ್ ಸಂಗ್ರಹಗಳಲ್ಲಿ ತಪಾಸಣೆ ನಡೆಯುವ ಬಗೆ

ಕ್ಲೌಡ್ ಸಂಗ್ರಹದಲ್ಲಿ ಇಟ್ಟ ಫೈಲೊಂದರ ಲಿಂಕನ್ನು ಬೇರೆಯವರಿಗೆ ಕಳುಹಿಸಲು ಹೋದಾಗ, ಈ ಫೈಲು ಸೇವಾ ನಿಯಮಗಳನ್ನು ಮೀರಿರಬಹುದಾದ್ದರಿಂದ ಹಂಚಿಕೆಗೆ ಅವಕಾಶವಿಲ್ಲ ಎಂಬರ್ಥದ ಸೂಚನೆ ಎದುರಾದರೆ, ಹೆಚ್ಚಿನವರಿಗೆ ಮೊದಲು ಹೊಳೆಯುವ ಪ್ರಶ್ನೆ ಒಂದೇ: ನನ್ನ ಫೈಲನ್ನು ಯಾರೋ ತೆರೆದು ನೋಡಿದರೇ? ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲಾಗದು. ತಪಾಸಣೆ ಎಂಬ ಒಂದೇ ಹೆಸರಿನಡಿ ಸ್ವಭಾವದಲ್ಲಿ ತೀರಾ ಭಿನ್ನವಾದ ಹಲವು ಕೆಲಸಗಳು ನಡೆಯುತ್ತವೆ. ಕೆಲವದರಲ್ಲಿ ಫೈಲಿನಲ್ಲಿ ಏನಿದೆ ಎಂಬುದು ಯಂತ್ರಕ್ಕೂ ತಿಳಿಯುವುದಿಲ್ಲ. ಕೆಲವದರಲ್ಲಿ ಯಂತ್ರ ಊಹಿಸುತ್ತದೆ, ಆ ಊಹೆಯನ್ನು ಮನುಷ್ಯನೊಬ್ಬ ಪರಿಶೀಲಿಸುತ್ತಾನೆ. ಇವೆಲ್ಲವನ್ನೂ ಒಂದೇ ಎಂದು ಭಾವಿಸಿ ವಾದಿಸುವುದರಿಂದಲೇ ಈ ವಿಷಯದ ಚರ್ಚೆ ಬಹುಮಟ್ಟಿಗೆ ಹಾದಿ ತಪ್ಪುತ್ತದೆ.

ಒಳಗನ್ನು ನೋಡುವ ಶಕ್ತಿ ಕಂಪನಿಗೆ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್, ಒನ್‌ಡ್ರೈವ್ ಮುಂತಾದ ಸೇವೆಗಳು ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡಿಯೇ, ಅಂದರೆ ಕೀಲಿಯಿಲ್ಲದೆ ಓದಲಾಗದ ಗೂಢರೂಪಕ್ಕೆ ತಂದೇ, ಸಾಗಿಸುತ್ತವೆ, ಎನ್‌ಕ್ರಿಪ್ಟ್ ಮಾಡಿಯೇ ಇಡುತ್ತವೆ. ಇದು ಜಾಹೀರಾತಿನ ಮಾತಷ್ಟೇ ಅಲ್ಲ, ನಿಜವೂ ಹೌದು. ಆದರೆ ಸಾಮಾನ್ಯ ಖಾತೆಗಳಲ್ಲಿ ಅದನ್ನು ಬಿಡಿಸುವ ಕೀಲಿ ಇರುವುದು ಕಂಪನಿಯ ಬಳಿ. ಡಿಸ್ಕನ್ನು ಕದ್ದವನಿಂದ, ದಾರಿಯಲ್ಲಿ ಕದ್ದಾಲಿಸುವವನಿಂದ ಈ ವ್ಯವಸ್ಥೆ ರಕ್ಷಣೆ ಕೊಡುತ್ತದೆಯೇ ಹೊರತು ಸೇವೆ ನಡೆಸುವವರಿಂದ ಅಲ್ಲ. ಪಿಡಿಎಫ್ ಒಳಗಿನ ಪದವನ್ನು ಹುಡುಕಿ ಕೊಡುವುದು, ಡೌನ್‌ಲೋಡ್ ಮಾಡದೆಯೇ ಪುಟವನ್ನು ತೋರಿಸುವುದು, ಚಿತ್ರಗಳನ್ನು ಮುಖದ ಆಧಾರದ ಮೇಲೆ ಗುಂಪು ಮಾಡುವುದು, ಪಾಸ್‌ವರ್ಡ್ ಮರೆತರೂ ಖಾತೆಯನ್ನು ಮರಳಿ ಕೊಡುವುದು, ಈ ಎಲ್ಲ ಅನುಕೂಲಗಳಿಗೂ ಆಧಾರ ಅದೇ ಕೀಲಿ. ನಿಯಮ ಉಲ್ಲಂಘನೆಯ ತಪಾಸಣೆಗೆ ಹೊಸದಾಗಿ ಯಾವ ಬಾಗಿಲನ್ನೂ ತೆರೆಯಬೇಕಾಗಿಲ್ಲ. ಹುಡುಕಾಟದ ಸೌಲಭ್ಯಕ್ಕೆ ನಾವು ಒಪ್ಪಿಕೊಂಡ ದಿನವೇ ಅದು ತೆರೆದಿರುತ್ತದೆ.

ತಪಾಸಣೆಯ ಬಗೆಗಳಲ್ಲಿ ಅತ್ಯಂತ ಸರಳವಾದದ್ದು ಹ್ಯಾಶ್ ಹೋಲಿಕೆ. ಒಂದು ಫೈಲಿನ ಎಲ್ಲ ಬೈಟ್‌ಗಳನ್ನೂ ಒಂದು ಗಣಿತ ಸೂತ್ರಕ್ಕೆ ಉಣಿಸಿದರೆ ನಿಗದಿತ ಉದ್ದದ ಸಂಖ್ಯೆಯೊಂದು ಹೊರಬರುತ್ತದೆ; ಅದು ಆ ಫೈಲಿನ ಬೆರಳಚ್ಚು ಇದ್ದಂತೆ. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಎಸ್‌ಎಚ್‌ಎ-256 ಎಂಬ ಸೂತ್ರವು ಫೈಲು ಒಂದು ಅಕ್ಷರದ್ದಾಗಿರಲಿ, ಎರಡು ಗಂಟೆಯ ಚಲನಚಿತ್ರವಾಗಿರಲಿ, 256 ಬಿಟ್‌ಗಳ, ಅಂದರೆ 0 ಅಥವಾ 1 ಆಗಿರುವ 256 ಅಂಕಿಗಳ, ಸಂಖ್ಯೆಯನ್ನೇ ಕೊಡುತ್ತದೆ. ಆ ಸಂಖ್ಯೆಯಿಂದ ಮೂಲ ಫೈಲನ್ನು ಮರಳಿ ಕಟ್ಟಲು ಬರುವುದಿಲ್ಲ. ಎರಡು ಬೇರೆ ಫೈಲುಗಳಿಗೆ ಒಂದೇ ಸಂಖ್ಯೆ ಬರುವ ಸಾಧ್ಯತೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲದಷ್ಟು ಸಣ್ಣದು. ಹೀಗಾಗಿ ಕಂಪನಿಯ ಬಳಿ ನಿಷೇಧಿತ ಫೈಲುಗಳ ಹ್ಯಾಶ್ ಪಟ್ಟಿಯೊಂದಿದ್ದರೆ, ನಮ್ಮ ಫೈಲಿನ ಹ್ಯಾಶ್ ಆ ಪಟ್ಟಿಯಲ್ಲಿದೆಯೇ ಎಂದು ನೋಡುವುದಷ್ಟೇ ಉಳಿಯುವ ಕೆಲಸ. ಫೈಲಿನಲ್ಲಿರುವುದು ಹಾಡೋ ಲೆಕ್ಕಪತ್ರವೋ ಎಂಬುದು ಈ ಹೋಲಿಕೆಗೆ ಬೇಕಾಗಿಯೇ ಇಲ್ಲ.

ಹ್ಯಾಶ್ ಲೆಕ್ಕ ಹಾಕುವುದು ತಪಾಸಣೆಗೆಂದೇ ಶುರುವಾದ ಕೆಲಸವೂ ಅಲ್ಲ. ಡ್ರಾಪ್‌ಬಾಕ್ಸ್ ಪ್ರತಿ ಫೈಲನ್ನೂ 4 ಮೆಗಾಬೈಟ್‌ಗಳ ತುಂಡುಗಳಾಗಿ ಕತ್ತರಿಸಿ ಪ್ರತಿ ತುಂಡಿಗೂ ಎಸ್‌ಎಚ್‌ಎ-256 ಹ್ಯಾಶ್ ಲೆಕ್ಕ ಹಾಕುತ್ತದೆ. ಹತ್ತು ಮೆಗಾಬೈಟ್‌ನ ಫೈಲಾದರೆ ನಾಲ್ಕು, ನಾಲ್ಕು, ಎರಡು ಎಂದು ಮೂರು ತುಂಡುಗಳು, ಮೂರು ಹ್ಯಾಶ್‌ಗಳು. ಫೈಲಿನಲ್ಲಿ ಬದಲಾದ ತುಂಡನ್ನಷ್ಟೇ ಮತ್ತೆ ಕಳುಹಿಸಿದರೆ ಸಾಕು ಎಂಬುದು ಇದರ ಮೂಲ ಉಪಯೋಗ. ಈ ಏರ್ಪಾಡು ಮೊದಲೇ ಇದ್ದುದರಿಂದ, ಕೃತಿಸ್ವಾಮ್ಯದ ದೂರು ಬಂದ ಫೈಲುಗಳ ಹ್ಯಾಶ್‌ಗಳನ್ನು ಪಟ್ಟಿ ಮಾಡಿ ಹೊಸ ಹಂಚಿಕೆಗಳನ್ನು ಅದರೊಂದಿಗೆ ಹೋಲಿಸುವುದಕ್ಕೆ ಹೆಚ್ಚಿನ ಶ್ರಮ ಬೇಕಾಗಲಿಲ್ಲ. 2014ರ ಮಾರ್ಚ್‌ನಲ್ಲಿ ಬಳಕೆದಾರರೊಬ್ಬರು ತಮ್ಮ ಖಾತೆಯ ಫೈಲೊಂದರ ಹಂಚಿಕೆಗೆ ತಡೆ ಬಿದ್ದದ್ದನ್ನು ಟ್ವಿಟರ್‌ನಲ್ಲಿ ತೋರಿಸಿದಾಗ ದೊಡ್ಡ ಗದ್ದಲವೇ ಎದ್ದಿತು. ಆಗ ಕಂಪನಿ ಕೊಟ್ಟ ವಿವರಣೆ ಇದೇ ಆಗಿತ್ತು: ಹಂಚಿಕೆಯ ಹೊತ್ತಿನಲ್ಲಿ ಹ್ಯಾಶ್ ಹೋಲಿಸುತ್ತೇವೆ, ಖಾಸಗಿ ಫೋಲ್ಡರ್‌ಗಳಲ್ಲಿ ಇಣುಕುವುದಿಲ್ಲ. ಫೈಲು ಆ ಬಳಕೆದಾರರ ಖಾತೆಯಿಂದ ಅಳಿದಿರಲಿಲ್ಲ. ಬೇರೆಯವರಿಗೆ ಲಿಂಕ್ ತೆರೆಯುತ್ತಿರಲಿಲ್ಲ, ಅಷ್ಟೇ.

ಈ ಹೋಲಿಕೆಯ ದೌರ್ಬಲ್ಯ ಅದರ ನಿಖರತೆಯಲ್ಲೇ ಇದೆ. ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಹ್ಯಾಶ್‌ನ ಸರಿಸುಮಾರು ಅರ್ಧದಷ್ಟು ಬಿಟ್‌ಗಳು ಬದಲಾಗಿ ಬೇರೆಯೇ ಸಂಖ್ಯೆಯಾಗುತ್ತದೆ. ಚಿತ್ರವನ್ನು ಮತ್ತೊಮ್ಮೆ ಸೇವ್ ಮಾಡಿದರೆ, ಗಾತ್ರವನ್ನು ಚೂರು ಕಿರಿದಾಗಿಸಿದರೆ, ನೋಡುವವರಿಗೆ ವ್ಯತ್ಯಾಸವೇ ತಿಳಿಯದಿದ್ದರೂ ಹ್ಯಾಶ್‌ಗೆ ಅದು ಹೊಸ ಫೈಲು. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳು ಕೈಯಿಂದ ಕೈಗೆ ಹೋಗುತ್ತ ಹೀಗೆ ರೂಪ ಬದಲಿಸುತ್ತಲೇ ಇರುತ್ತವೆಯಾದ್ದರಿಂದ ಅವುಗಳನ್ನು ಗುರುತಿಸಲು ಬೇರೆ ದಾರಿ ಬೇಕಾಯಿತು. 2009ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಡಾರ್ಟ್‌ಮತ್ ಕಾಲೇಜಿನ ಕಂಪ್ಯೂಟರ್ ವಿಜ್ಞಾನಿ ಹನಿ ಫರೀದ್ ಅವರೊಂದಿಗೆ ರೂಪಿಸಿದ ಫೋಟೋಡಿಎನ್‌ಎ ಆ ದಾರಿಯ ಮೊದಲ ಪ್ರಮುಖ ಸಾಧನ. ಇದು ಬೈಟ್‌ಗಳ ಬದಲು ಚಿತ್ರವು ಕಣ್ಣಿಗೆ ಕಾಣುವ ರೂಪವನ್ನೇ ಸಂಖ್ಯೆಯಾಗಿಸುತ್ತದೆ.

ಇಂಥ ಹ್ಯಾಶ್ ಹೇಗೆ ಹುಟ್ಟುತ್ತದೆ ಎಂಬುದನ್ನು ಅದೇ ಕುಟುಂಬದ ಅತಿ ಸರಳ ಸೂತ್ರವೊಂದರಲ್ಲಿ ನೋಡಬಹುದು. ಚಿತ್ರ ಎಷ್ಟೇ ದೊಡ್ಡದಿರಲಿ, ಮೊದಲು ಅದನ್ನು ಕಪ್ಪುಬಿಳುಪಿಗೆ ತಂದು, ಅಡ್ಡಕ್ಕೆ 9 ಮತ್ತು ಉದ್ದಕ್ಕೆ 8 ಪಿಕ್ಸೆಲ್‌ಗಳಷ್ಟು ಕಿರಿದಾಗಿಸಲಾಗುತ್ತದೆ. ಒಟ್ಟು 72 ಚುಕ್ಕಿಗಳು; ಈ ಹಂತದಲ್ಲಿ ಮುಖವೂ ಮರವೂ ಗೋಡೆಯೂ ಬೂದು ಬಣ್ಣದ ಮಸುಕು ಚೌಕಗಳಾಗಿರುತ್ತವೆ. ಅನಂತರ ಪ್ರತಿ ಸಾಲಿನಲ್ಲೂ ಎಡದ ಚುಕ್ಕಿಯು ತನ್ನ ಬಲದ ಚುಕ್ಕಿಗಿಂತ ಹೆಚ್ಚು ಬೆಳಕಾಗಿದ್ದರೆ 1, ಇಲ್ಲವಾದರೆ 0 ಎಂದು ಬರೆಯುತ್ತ ಹೋಗಬೇಕು. ಒಂಬತ್ತು ಚುಕ್ಕಿಗಳ ನಡುವೆ ಎಂಟು ಹೋಲಿಕೆಗಳು, ಎಂಟು ಸಾಲುಗಳಿಗೆ 64 ಬಿಟ್‌ಗಳು. ಇಡೀ ಚಿತ್ರದ ಬೆಳಕನ್ನು ಹೆಚ್ಚಿಸಿದರೂ ಅಕ್ಕಪಕ್ಕದ ಚುಕ್ಕಿಗಳಲ್ಲಿ ಯಾವುದು ಹೆಚ್ಚು ಬೆಳಕು ಎಂಬ ಸಂಬಂಧ ಬಹುಮಟ್ಟಿಗೆ ಹಾಗೆಯೇ ಉಳಿಯುವುದರಿಂದ ಹ್ಯಾಶ್ ಹೆಚ್ಚು ಕದಲುವುದಿಲ್ಲ. ಆದರೆ ಚಿತ್ರದ ಒಂದು ಬದಿಯನ್ನು ಕತ್ತರಿಸಿದರೆ ಚುಕ್ಕಿಗಳೆಲ್ಲ ಸ್ಥಾನ ಬದಲಿಸಿ ಲೆಕ್ಕ ತಪ್ಪುತ್ತದೆ. ಫೋಟೋಡಿಎನ್‌ಎಯಂಥ ಸೂತ್ರಗಳು ಇದಕ್ಕಿಂತ ಬಹಳ ಮುಂದುವರಿದವು. ಆದರೂ ಚಿತ್ರವನ್ನು ಸರಳಗೊಳಿಸಿ, ನೆರೆಹೊರೆಯ ಬೆಳಕಿನ ಏರಿಳಿತವನ್ನು ಅಳೆದು, ಅದನ್ನು ಸಂಖ್ಯೆಯಾಗಿಸುವ ಮೂಲ ಆಲೋಚನೆ ಅವುಗಳಲ್ಲೂ ಇದೇ.

ಇಲ್ಲಿ ಹೋಲಿಕೆಯ ಪ್ರಶ್ನೆಯೇ ಬದಲಾಗುತ್ತದೆ ಎಂಬುದನ್ನು ಗಮನಿಸಬೇಕು. ಮೊದಲ ಬಗೆಯಲ್ಲಿ ಎರಡು ಸಂಖ್ಯೆಗಳು ಒಂದೇ ಆಗಿವೆಯೇ ಎಂದು ಕೇಳುತ್ತಿದ್ದೆವು. ಇಲ್ಲಿ ಅವು ಎಷ್ಟು ಹತ್ತಿರ ಇವೆ ಎಂದು ಕೇಳುತ್ತೇವೆ. ಫೇಸ್‌ಬುಕ್ 2019ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ಪಿಡಿಕ್ಯು ಎಂಬ ಸೂತ್ರದ ಹ್ಯಾಶ್ 256 ಬಿಟ್‌ಗಳದ್ದು; ಎರಡು ಹ್ಯಾಶ್‌ಗಳಲ್ಲಿ 31ರವರೆಗಿನ ಬಿಟ್‌ಗಳು ಬೇರೆಯಾಗಿದ್ದರೂ ಅವನ್ನು ಒಂದೇ ಚಿತ್ರದ ರೂಪಗಳೆಂದು ಪರಿಗಣಿಸಬಹುದು ಎಂಬುದು ಅದರೊಂದಿಗೆ ಬಂದ ಸಲಹೆ. ಈ ಗಡಿಯನ್ನು ಎಲ್ಲಿ ಎಳೆಯಬೇಕೆಂಬುದು ಗಣಿತ ತಾನಾಗಿ ಹೇಳುವ ಸಂಗತಿಯಲ್ಲ. ಸಡಿಲಗೊಳಿಸಿದರೆ ಸಂಬಂಧವಿಲ್ಲದ ಚಿತ್ರಗಳು ಬಲೆಗೆ ಬೀಳುತ್ತವೆ, ಬಿಗಿಗೊಳಿಸಿದರೆ ಹಿಡಿಯಬೇಕಾದವು ತಪ್ಪಿಸಿಕೊಳ್ಳುತ್ತವೆ. ಜೊತೆಗೆ, ಪಟ್ಟಿ ಯಾರದು ಎಂಬ ಪ್ರಶ್ನೆಯೂ ಇದೆ. ಮಕ್ಕಳ ರಕ್ಷಣೆಯ ವಿಷಯದಲ್ಲಿ ಅಮೆರಿಕದ ರಾಷ್ಟ್ರೀಯ ಕಾಣೆಯಾದ ಹಾಗೂ ಶೋಷಿತ ಮಕ್ಕಳ ಕೇಂದ್ರ, ಅಂದರೆ ಎನ್‌ಸಿಎಂಇಸಿ, ಮತ್ತು ಬ್ರಿಟನ್ನಿನ ಇಂಟರ್ನೆಟ್ ವಾಚ್ ಫೌಂಡೇಶನ್ ಮುಂತಾದ ಸಂಸ್ಥೆಗಳು ತರಬೇತಾದ ಪರಿಶೀಲಕರು ನೋಡಿ ದೃಢಪಡಿಸಿದ ಚಿತ್ರಗಳ ಹ್ಯಾಶ್‌ಗಳನ್ನು ಪಟ್ಟಿ ಮಾಡುತ್ತವೆ. ಪಟ್ಟಿಯಲ್ಲಿರುವುದು ಸಂಖ್ಯೆ ಮಾತ್ರವಾದ್ದರಿಂದ ಹೊರಗಿನವರು ಅದನ್ನು ಲೆಕ್ಕಪರಿಶೋಧಿಸುವುದು ಸುಲಭವಲ್ಲ. ಚಿತ್ರಗಳನ್ನು ಬಯಲಿಗಿಟ್ಟು ಪರಿಶೀಲಿಸಿ ಎನ್ನಲೂ ಸಾಧ್ಯವಿಲ್ಲ.

ಮೂರನೆಯ ಬಗೆಯಲ್ಲಿ ಪಟ್ಟಿಯೇ ಇಲ್ಲ. ಲಕ್ಷಾಂತರ ಉದಾಹರಣೆಗಳನ್ನು ಉಣಿಸಿ ತಯಾರಿಸಿದ ಯಂತ್ರಕಲಿಕೆಯ ಮಾದರಿಯೊಂದು, ಹಿಂದೆಂದೂ ಕಾಣದ ಚಿತ್ರವನ್ನೋ ಪಠ್ಯವನ್ನೋ ನೋಡಿ, ಇದು ಇಂಥ ವರ್ಗಕ್ಕೆ ಸೇರಿರುವ ಸಂಭವ ಇಷ್ಟು ಎಂದು ಅಂಕ ಕೊಡುತ್ತದೆ. ಇದುವರೆಗೆ ಯಾವ ಪಟ್ಟಿಗೂ ಸೇರದ ಹೊಸ ಶೋಷಣೆಯ ಚಿತ್ರಗಳನ್ನು ಹುಡುಕಲು ಗೂಗಲ್ 2018ರಲ್ಲಿ ಇಂಥ ಸಾಧನವೊಂದನ್ನು ಪ್ರಕಟಿಸಿ ಬೇರೆ ಸಂಸ್ಥೆಗಳಿಗೂ ಒದಗಿಸಿತು. ಇದರ ಉದ್ದೇಶವನ್ನು ಪ್ರಶ್ನಿಸುವುದು ಕಷ್ಟ, ಏಕೆಂದರೆ ಹಳೆಯ ಪಟ್ಟಿಗಳಿಂದ ಸಿಗುವುದು ಹಳೆಯ ಅಪರಾಧ; ಈಗ ನಡೆಯುತ್ತಿರುವ ಅಪರಾಧದಿಂದ ಮಗುವೊಂದನ್ನು ಪಾರುಮಾಡಬೇಕಾದರೆ ಹೊಸ ಚಿತ್ರವನ್ನು ಗುರುತಿಸಲೇಬೇಕು. ಆದರೆ ತಪ್ಪಿನ ಸ್ವರೂಪವೂ ಇಲ್ಲಿ ಬದಲಾಗುತ್ತದೆ. ಚಿತ್ರದಲ್ಲಿ ಏನಿದೆ ಎಂಬುದನ್ನು ಮಾದರಿ ಊಹಿಸಬಲ್ಲದು. ಅದನ್ನು ಯಾರು, ಏಕೆ, ಯಾರಿಗಾಗಿ ತೆಗೆದರು ಎಂಬುದನ್ನು ಊಹಿಸಲಾರದು.

2021ರ ಫೆಬ್ರುವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ತಂದೆಯೊಬ್ಬರಿಗೆ ಆದದ್ದು ಇದೇ. ಪುಟ್ಟ ಮಗನ ಗುಪ್ತಾಂಗದ ಸೋಂಕನ್ನು ವೈದ್ಯರಿಗೆ ತೋರಿಸಲೆಂದು ತೆಗೆದ ಚಿತ್ರಗಳು ಅವರ ಫೋನಿನಿಂದ ತಾವಾಗಿಯೇ ಗೂಗಲ್‌ನ ಸಂಗ್ರಹಕ್ಕೆ ಹೋದವು, ಅಲ್ಲಿನ ವ್ಯವಸ್ಥೆ ಅವನ್ನು ಶೋಷಣೆಯ ಚಿತ್ರಗಳೆಂದು ಗುರುತಿಸಿತು. ಖಾತೆ ಮುಚ್ಚಿತು, ಅದರೊಂದಿಗೆ ವರ್ಷಗಳ ಇಮೇಲ್, ಚಿತ್ರಗಳು, ಅದೇ ಕಂಪನಿಯಿಂದ ಪಡೆದಿದ್ದ ಫೋನ್ ಸಂಖ್ಯೆ ಎಲ್ಲವೂ ಕೈತಪ್ಪಿದವು. ಪೊಲೀಸರು ತನಿಖೆ ನಡೆಸಿ ಅಪರಾಧವೇನೂ ನಡೆದಿಲ್ಲವೆಂದು ತೀರ್ಮಾನಿಸಿದರು. 2022ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದನ್ನು ವರದಿ ಮಾಡಿದಾಗಲೂ ಕಂಪನಿ ತನ್ನ ನಿರ್ಧಾರಕ್ಕೇ ಅಂಟಿಕೊಂಡಿತ್ತು. ಯಂತ್ರ ಮೊದಲ ಸಲ ತಪ್ಪಿದ್ದು ನನಗೆ ಅಷ್ಟಾಗಿ ಅಚ್ಚರಿಯೆನಿಸುವುದಿಲ್ಲ. ಪೊಲೀಸರೇ ನಿರಪರಾಧಿ ಎಂದ ಮೇಲೂ ತಿದ್ದಿಕೊಳ್ಳುವ ದಾರಿ ಆ ವ್ಯವಸ್ಥೆಯೊಳಗೆ ಇರಲಿಲ್ಲ ಎಂಬುದೇ ಇಲ್ಲಿ ಗಂಭೀರವಾದ ಸಂಗತಿ.

ಮೇಲಿನ ಪ್ರಕರಣದಲ್ಲಿ ತಂದೆ ಲಿಂಕನ್ನು ಸಾರ್ವಜನಿಕವಾಗಿ ಹಂಚಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಮಕ್ಕಳ ಶೋಷಣೆಯ ವಿಷಯದಲ್ಲಿ ಅಪ್‌ಲೋಡ್ ಆದರೂ ತಪಾಸಣೆಗೆ ಸಾಕು. ಕೃತಿಸ್ವಾಮ್ಯ, ವಂಚನೆ, ಕುತಂತ್ರಾಂಶ (ವೈರಸ್‌ನಂಥ ಹಾನಿಕರ ತಂತ್ರಾಂಶ) ಮುಂತಾದವುಗಳಲ್ಲಿ ಹಂಚಿಕೆಯೇ ನಿರ್ಣಾಯಕ ಕ್ಷಣ. ಇದಕ್ಕೆ ಕಾರಣ ಸ್ಪಷ್ಟ. ಹಣ ಕೊಟ್ಟು ಪಡೆದ ಹಾಡಿನ ಪ್ರತಿಯೊಂದನ್ನು ತನ್ನ ಖಾತೆಯಲ್ಲಿ ಇಟ್ಟುಕೊಂಡವನೂ, ಅದರ ಲಿಂಕನ್ನು ಸಾವಿರ ಜನರಿಗೆ ಕೊಟ್ಟವನೂ ಇಟ್ಟಿರುವ ಫೈಲು ಒಂದೇ, ಹ್ಯಾಶ್ ಕೂಡ ಒಂದೇ. ಉಲ್ಲಂಘನೆ ಇರುವುದು ಎರಡನೆಯವನ ಕೃತ್ಯದಲ್ಲಿ. ಆದ್ದರಿಂದ ಗೂಗಲ್ ಡ್ರೈವ್‌ನಂಥ ಸೇವೆಗಳು ನಿಯಮ ಮೀರಿದೆ ಎಂದು ತೋರಿದ ಫೈಲಿಗೆ ನಿರ್ಬಂಧ ಹಾಕಿದಾಗ, ಒಡೆಯನಿಗೆ ಅದು ಮೊದಲಿನಂತೆಯೇ ತೆರೆಯುತ್ತದೆ, ಹೆಸರಿನ ಪಕ್ಕದಲ್ಲಿ ಬಾವುಟದ ಗುರುತು ಕಾಣುತ್ತದೆ, ಲಿಂಕ್ ಇದ್ದವರಿಗೆ ಮಾತ್ರ ಬಾಗಿಲು ಮುಚ್ಚಿರುತ್ತದೆ. ಇಂಥ ನಿರ್ಬಂಧ ಬಿದ್ದಾಗ ಒಡೆಯನಿಗೆ ಇಮೇಲ್ ಕಳುಹಿಸುವುದಾಗಿ ಗೂಗಲ್ 2021ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು.

ಕುತಂತ್ರಾಂಶದ ತಪಾಸಣೆ ಇವೆಲ್ಲಕ್ಕಿಂತ ಹಳೆಯದು, ವಿವಾದವೂ ಕಡಿಮೆ. ಡ್ರೈವ್‌ನಿಂದ 100 ಮೆಗಾಬೈಟ್‌ಗಿಂತ ದೊಡ್ಡ ಫೈಲನ್ನು ಇಳಿಸಿಕೊಳ್ಳುವಾಗ, ಇದರಲ್ಲಿ ವೈರಸ್ ಇದೆಯೇ ಎಂದು ನೋಡಲಾಗಿಲ್ಲ ಎಂಬ ಎಚ್ಚರಿಕೆ ಬರುವುದನ್ನು ಹಲವರು ಕಂಡಿರುತ್ತಾರೆ. ಅಂದರೆ ಸಣ್ಣ ಫೈಲುಗಳನ್ನು ನೋಡಲಾಗುತ್ತದೆ ಎಂದೇ ಅರ್ಥ. ಪಾಸ್‌ವರ್ಡ್ ಹಾಕಿದ ಜಿಪ್ ಫೈಲಾದರೆ ಸುರಕ್ಷಿತ ಎಂಬ ನಂಬಿಕೆಗೂ 2023ರಲ್ಲಿ ಪೆಟ್ಟು ಬಿತ್ತು: ಕುತಂತ್ರಾಂಶದ ಮಾದರಿಗಳನ್ನು ಸಹೋದ್ಯೋಗಿಗಳಿಗೆ ಕಳುಹಿಸಲು ಭದ್ರತಾ ಸಂಶೋಧಕರು ವಾಡಿಕೆಯಾಗಿ ಬಳಸುವ ಪಾಸ್‌ವರ್ಡ್ ಹಾಕಿದ್ದ ಜಿಪ್ ಫೈಲನ್ನು ಮೈಕ್ರೋಸಾಫ್ಟ್‌ನ ಫೈಲು ಹಂಚಿಕೆಯ ಸೇವೆಯಾದ ಶೇರ್‌ಪಾಯಿಂಟ್ ಗುರುತಿಸಿ ತಡೆದದ್ದು ಬೆಳಕಿಗೆ ಬಂತು. ಎಲ್ಲರಿಗೂ ಗೊತ್ತಿರುವ ಪಾಸ್‌ವರ್ಡ್ ಯಂತ್ರಕ್ಕೂ ಗೊತ್ತಿರುತ್ತದೆ.

ಕಂಪನಿಗಳು ಇದನ್ನೆಲ್ಲ ಮಾಡುವುದು ಕಾನೂನಿನ ಒತ್ತಾಯಕ್ಕೆ ಎಂಬ ತಿಳಿವಳಿಕೆ ಸಾಮಾನ್ಯ. ಈ ದೊಡ್ಡ ಸೇವೆಗಳ ನೆಲೆಯಾದ ಅಮೆರಿಕದ ಕಾನೂನು ಹೇಳುವುದು ಇನ್ನೂ ಸೂಕ್ಷ್ಮವಾಗಿದೆ. 1998ರ ಡಿಜಿಟಲ್ ಮಿಲೇನಿಯಮ್ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಹಕ್ಕುದಾರರ ದೂರು ಬಂದೊಡನೆ ಫೈಲನ್ನು ತೆಗೆದುಹಾಕುವ, ಮತ್ತೆ ಮತ್ತೆ ತಪ್ಪು ಮಾಡುವವರ ಖಾತೆ ಮುಚ್ಚುವ ಸೇವೆಗಳಿಗೆ ಬಳಕೆದಾರರ ತಪ್ಪಿನ ಹೊಣೆಯಿಂದ ರಕ್ಷಣೆ ಸಿಗುತ್ತದೆ. ಆ ರಕ್ಷಣೆಗಾಗಿ ಎಲ್ಲ ಫೈಲುಗಳ ಮೇಲೂ ನಿಗಾ ಇಡಬೇಕೆಂಬ ಷರತ್ತು ಇಲ್ಲವೆಂದು ಅದೇ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಮಕ್ಕಳ ಶೋಷಣೆಯ ಚಿತ್ರಗಳ ವಿಷಯದಲ್ಲೂ, ಕಣ್ಣಿಗೆ ಬಿದ್ದರೆ ಎನ್‌ಸಿಎಂಇಸಿಗೆ ವರದಿ ಮಾಡಲೇಬೇಕು, ಆದರೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ವರದಿಗಳ ಪ್ರಮಾಣ ಮಾತ್ರ ಅಪಾರ: 2023ರ ಒಂದೇ ವರ್ಷದಲ್ಲಿ ಆ ಕೇಂದ್ರಕ್ಕೆ ಬಂದ ವರದಿಗಳು 3.6 ಕೋಟಿಗೂ ಹೆಚ್ಚು, ಅವುಗಳಲ್ಲಿ ಬಹುಪಾಲು ಆನ್‌ಲೈನ್ ಸೇವೆಗಳಿಂದಲೇ ಬಂದವು.

ಹುಡುಕಲೇಬೇಕು ಎಂದು ಕಾನೂನು ಏಕೆ ಹೇಳುವುದಿಲ್ಲ? ಇದಕ್ಕೆ ರಾಜಕೀಯ ಕಾರಣಗಳಷ್ಟೇ ಬಲವಾದ ಕಾನೂನಿನ ಕಾರಣವಿದೆ. ಅಮೆರಿಕದ ಸಂವಿಧಾನದ ನಾಲ್ಕನೇ ತಿದ್ದುಪಡಿಯು ವಾರಂಟ್ ಇಲ್ಲದ ಅಕಾರಣ ಶೋಧದಿಂದ ಜನರನ್ನು ರಕ್ಷಿಸುವುದು ಸರ್ಕಾರದ ವಿರುದ್ಧವೇ ಹೊರತು ಖಾಸಗಿ ಕಂಪನಿಯ ವಿರುದ್ಧ ಅಲ್ಲ. ಕಂಪನಿ ತನ್ನಿಚ್ಛೆಯಿಂದ ಹುಡುಕಿದರೆ ಸಿಕ್ಕ ಸಾಕ್ಷ್ಯ ನ್ಯಾಯಾಲಯದಲ್ಲಿ ನಿಲ್ಲುತ್ತದೆ; ಸರ್ಕಾರ ಹುಡುಕಲು ಆದೇಶಿಸಿದರೆ ಕಂಪನಿಯೇ ಸರ್ಕಾರದ ಕೈಯಾಗುತ್ತದೆ, ಆಗ ಪ್ರತಿ ಶೋಧಕ್ಕೂ ವಾರಂಟ್ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಇಮೇಲ್ ಲಗತ್ತುಗಳಿಗೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ಅಮೆರಿಕದ ಪ್ರಾದೇಶಿಕ ಮೇಲ್ಮನವಿ ನ್ಯಾಯಾಲಯಗಳಲ್ಲಿ ಒಂದಾದ ಒಂಬತ್ತನೇ ಸರ್ಕ್ಯೂಟ್ ನ್ಯಾಯಾಲಯವು 2021ರಲ್ಲಿ ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದಿತು. ಗೂಗಲ್‌ನ ಯಂತ್ರ ಹ್ಯಾಶ್ ಹೋಲಿಸಿ ನಾಲ್ಕು ಚಿತ್ರಗಳನ್ನು ವರದಿ ಮಾಡಿತ್ತು, ಕಂಪನಿಯ ಯಾವ ಉದ್ಯೋಗಿಯೂ ಅವನ್ನು ತೆರೆದು ನೋಡಿರಲಿಲ್ಲ. ಹೀಗಿರುವಾಗ ಸರ್ಕಾರಿ ಅಧಿಕಾರಿ ಅವನ್ನು ಮೊದಲ ಬಾರಿಗೆ ವಾರಂಟ್ ಇಲ್ಲದೆ ತೆರೆದದ್ದು ತಪ್ಪು ಎಂದು ಅದು ತೀರ್ಪಿತ್ತಿತು. ಅದರ ಹಿಂದಿನ ವರ್ಷ ಆರನೇ ಸರ್ಕ್ಯೂಟ್ ಇಂಥದೇ ಪ್ರಕರಣದಲ್ಲಿ ಇದಕ್ಕೆ ವಿರುದ್ಧವಾಗಿ ತೀರ್ಮಾನಿಸಿತ್ತು. ಮನುಷ್ಯನ ಕಣ್ಣು ಬೀಳದಿದ್ದರೆ ಖಾಸಗಿತನಕ್ಕೆ ಒಳ್ಳೆಯದು ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಕಾನೂನಿನ ದೃಷ್ಟಿಯಲ್ಲಿ ಕಂಪನಿಯ ಮನುಷ್ಯನೊಬ್ಬ ನೋಡಿದ್ದನೋ ಇಲ್ಲವೋ ಎಂಬುದೇ ಮೊಕದ್ದಮೆಯ ಗತಿಯನ್ನು ಬದಲಿಸಬಲ್ಲದು.

ಇನ್ನು ತಪ್ಪುಗಳ ವಿಷಯ. ನಿಖರವಾದ ಹ್ಯಾಶ್ ಹೋಲಿಕೆ ತಪ್ಪುವುದೇ ಇಲ್ಲ ಎಂದರೆ ಗಣಿತದ ಮಟ್ಟಿಗೆ ಸರಿ, ವ್ಯವಹಾರದ ಮಟ್ಟಿಗೆ ಅಲ್ಲ. 2022ರ ಜನವರಿಯಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು 1 ಎಂಬ ಒಂದೇ ಅಂಕಿ ಇದ್ದ ಪಠ್ಯ ಫೈಲನ್ನು ಗೂಗಲ್ ಡ್ರೈವ್ ಕೃತಿಸ್ವಾಮ್ಯ ಉಲ್ಲಂಘನೆಯೆಂದು ಗುರುತಿಸಿದ್ದನ್ನು ಬಹಿರಂಗಪಡಿಸಿದರು. ಈ ನಿರ್ಬಂಧದ ಮರುಪರಿಶೀಲನೆಯನ್ನು ಕೋರಲು ಅವಕಾಶವಿಲ್ಲ ಎಂದೂ ಆ ಸೂಚನೆಯಲ್ಲಿತ್ತು. ಬೇರೆಯವರು ಪರೀಕ್ಷಿಸಿದಾಗ ಇನ್ನೂ ಕೆಲವು ಸಂಖ್ಯೆಗಳಿಗೆ ಇದೇ ಗತಿಯಾಯಿತು. ಕಂಪನಿ ತಪ್ಪನ್ನು ಒಪ್ಪಿ ಸರಿಪಡಿಸಿತು. ಇಂಥದ್ದು ಹೇಗೆ ಆಗಬಹುದೆಂದು ಊಹಿಸುವುದು ಕಷ್ಟವಲ್ಲ: ಪಟ್ಟಿಗೆ ಹ್ಯಾಶ್ ಸೇರಿಸುವವರು ಆ ಫೈಲಿನಲ್ಲಿ ಸ್ವಂತಿಕೆ ಎನ್ನುವಂಥದ್ದು ಏನಾದರೂ ಇದೆಯೇ ಎಂದು ನೋಡದಿದ್ದರೆ, ಲೋಕದಲ್ಲಿ ಅದೇ ಬೈಟ್‌ಗಳಿರುವ ಎಲ್ಲ ಫೈಲುಗಳೂ ಒಂದೇ ಏಟಿಗೆ ತಪ್ಪಿತಸ್ಥರಾಗುತ್ತವೆ. ಹೋಲಿಕೆಯ ಸೂತ್ರ ಎಷ್ಟು ಶುದ್ಧವಾಗಿದ್ದರೂ ಪಟ್ಟಿಯಷ್ಟೇ ಅದರ ಯೋಗ್ಯತೆ. 2017ರ ಅಕ್ಟೋಬರ್ 31ರಂದು ಇನ್ನೂ ವಿಚಿತ್ರವಾದದ್ದು ನಡೆದಿತ್ತು: ಹೊಸದಾಗಿ ಸೇರಿಸಿದ ಕೋಡ್‌ನ ದೋಷದಿಂದ ಗೂಗಲ್ ಡಾಕ್ಸ್‌ನ ಒಂದಷ್ಟು ದಾಖಲೆಗಳು ನಿಂದನೀಯವೆಂದು ಗುರುತಾಗಿ, ಬರೆಯುತ್ತಿದ್ದವರೇ ಹೊರಗುಳಿದರು, ಅವರಲ್ಲಿ ವನ್ಯಜೀವಿ ಅಪರಾಧಗಳ ಬಗ್ಗೆ ವರದಿ ಬರೆಯುತ್ತಿದ್ದ ಪತ್ರಕರ್ತೆಯೂ ಇದ್ದರು.

ಊಹೆಯ ಮಾದರಿಗಳಲ್ಲಿ ತಪ್ಪಿನ ಲೆಕ್ಕ ಬೇರೆ. ಹತ್ತು ಲಕ್ಷ ನಿರ್ದೋಷ ಚಿತ್ರಗಳಲ್ಲಿ ಒಂದನ್ನಷ್ಟೇ ತಪ್ಪಾಗಿ ಗುರುತಿಸುವ ಮಾದರಿಯೊಂದಿದೆ ಎಂದಿಟ್ಟುಕೊಳ್ಳೋಣ. ಕೇಳಲು ಅದು ಅಪೂರ್ವ ನಿಖರತೆ. ಆದರೆ ನೂರು ಕೋಟಿ ಚಿತ್ರಗಳ ಮೇಲೆ ಅದನ್ನು ಹಾಯಿಸಿದರೆ ಸಾವಿರ ಚಿತ್ರಗಳು ಅನ್ಯಾಯವಾಗಿ ಗುರುತಾಗುತ್ತವೆ. ನಿಜವಾದ ಅಪರಾಧದ ಚಿತ್ರಗಳು ಆ ರಾಶಿಯಲ್ಲಿ ವಿರಳವಾಗಿದ್ದಷ್ಟೂ, ಗುರುತಾದವುಗಳಲ್ಲಿ ನಿರ್ದೋಷಿಗಳ ಪಾಲು ಹೆಚ್ಚುತ್ತದೆ. ಆದ್ದರಿಂದ ಮಾದರಿಯ ಅಂಕವೊಂದನ್ನೇ ನಂಬಿ ಇಡೀ ಖಾತೆಯನ್ನು ಮುಚ್ಚುವುದು ಸಮರ್ಥನೀಯವಲ್ಲ ಎಂಬುದು ನನ್ನ ಅಭಿಪ್ರಾಯ. ದೃಢಪಟ್ಟ ಪಟ್ಟಿಯೊಂದಿಗೆ ಹ್ಯಾಶ್ ಹೋಲಿಸಿ ಒಂದು ಲಿಂಕನ್ನು ತಡೆಯುವುದಕ್ಕೂ, ಊಹೆಯ ಮೇಲೆ ವ್ಯಕ್ತಿಯೊಬ್ಬನ ಇಮೇಲ್, ಚಿತ್ರ, ದಾಖಲೆಗಳನ್ನೆಲ್ಲ ಒಟ್ಟಿಗೆ ಕಿತ್ತುಕೊಳ್ಳುವುದಕ್ಕೂ ಇರುವ ಅಂತರ, ತಪಾಸಣೆ ಬೇಕೇ ಬೇಡವೇ ಎಂಬ ಪ್ರಶ್ನೆಗಿಂತ ದೊಡ್ಡದು.

ಈ ಒಟ್ಟು ಲೆಕ್ಕಾಚಾರವನ್ನು ತಲೆಕೆಳಗು ಮಾಡುವುದು ಕೊನೆಯಿಂದ ಕೊನೆಯವರೆಗಿನ ಎನ್‌ಕ್ರಿಪ್ಷನ್. ಫೈಲು ಬಳಕೆದಾರನ ಸಾಧನದಲ್ಲೇ ಎನ್‌ಕ್ರಿಪ್ಟ್ ಆಗಿ, ಕೀಲಿ ಅವನ ಬಳಿಯೇ ಉಳಿದರೆ ಸರ್ವರ್‌ಗೆ ಕಾಣುವುದು ಅರ್ಥವಿಲ್ಲದ ಬೈಟ್‌ಗಳು ಮಾತ್ರ. ಪ್ರೋಟಾನ್ ಡ್ರೈವ್, ಟ್ರೆಸೋರಿಟ್, ಮೆಗಾ ಮುಂತಾದ ಸೇವೆಗಳು ನಡೆಯುವುದು ಹೀಗೆ. ಆಗ ತಪಾಸಣೆ ನಡೆಯಬೇಕಾದರೆ ಫೋನಿನಲ್ಲೇ ನಡೆಯಬೇಕು. ಆಪಲ್ 2021ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಯೋಜನೆ ಅದೇ: ಐಕ್ಲೌಡ್‌ಗೆ ಹೋಗಲಿರುವ ಚಿತ್ರಗಳ ನ್ಯೂರಲ್‌ಹ್ಯಾಶ್ (ಕಾಣುವ ರೂಪವನ್ನು ಆಧರಿಸಿದ ಆಪಲ್‌ನ ಹ್ಯಾಶ್) ಅನ್ನು ಐಫೋನ್ ತಾನೇ ಲೆಕ್ಕ ಹಾಕಿ, ನಿಷೇಧಿತ ಪಟ್ಟಿಯೊಂದಿಗೆ ಹೋಲಿಸಿ, ಸುಮಾರು 30 ಹೊಂದಾಣಿಕೆಗಳಾದ ಮೇಲಷ್ಟೇ ಕಂಪನಿಯ ಪರಿಶೀಲಕರಿಗೆ ಕಾಣುವಂತೆ ಮಾಡುವುದು. ಒಂದೆರಡು ಆಕಸ್ಮಿಕ ಹೊಂದಾಣಿಕೆಗಳಿಂದ ಯಾರೂ ಸಿಕ್ಕಿಬೀಳಬಾರದೆಂಬ ಎಚ್ಚರ ಅದರಲ್ಲಿತ್ತು. ಆದರೂ ಸ್ವಂತ ಸಾಧನವೇ ಒಡೆಯನ ಮೇಲೆ ನಿಗಾ ಇಡುವುದನ್ನು ಭದ್ರತಾ ತಜ್ಞರು ತೀವ್ರವಾಗಿ ವಿರೋಧಿಸಿದರು. ಇಂದು ಮಕ್ಕಳ ರಕ್ಷಣೆಗೆಂದು ಇಟ್ಟ ಪಟ್ಟಿಗೆ ನಾಳೆ ಯಾವುದೋ ಸರ್ಕಾರ ತನಗೆ ಬೇಡದ ಚಿತ್ರಗಳನ್ನು ಸೇರಿಸೆಂದರೆ ಗತಿಯೇನು ಎಂಬುದು ಅವರ ಮುಖ್ಯ ಆಕ್ಷೇಪವಾಗಿತ್ತು. ಒಂದು ತಿಂಗಳೊಳಗೆ, ಸಂಬಂಧವೇ ಇಲ್ಲದ ಎರಡು ಚಿತ್ರಗಳಿಗೆ ಒಂದೇ ನ್ಯೂರಲ್‌ಹ್ಯಾಶ್ ಬರುವಂತೆ ಸಂಶೋಧಕರು ಮಾಡಿಯೂ ತೋರಿಸಿದರು. ಯೋಜನೆಯನ್ನು ಮುಂದೂಡಿದ ಆಪಲ್ 2022ರ ಡಿಸೆಂಬರ್‌ನಲ್ಲಿ ಕೈಬಿಟ್ಟು, ಅದೇ ಹೊತ್ತಿಗೆ ಐಕ್ಲೌಡ್‌ನ ಬಹುತೇಕ ವಿಭಾಗಗಳಿಗೆ ಬಳಕೆದಾರರು ಬಯಸಿದರೆ ಕೊನೆಯಿಂದ ಕೊನೆಯವರೆಗಿನ ಎನ್‌ಕ್ರಿಪ್ಷನ್ ಒದಗಿಸಿತು. ಬ್ರಿಟನ್ ಸರ್ಕಾರ ದತ್ತಾಂಶಕ್ಕೆ ದಾರಿ ಕೇಳಿದೆ ಎಂಬ ವರದಿಗಳ ಬೆನ್ನಿಗೇ, 2025ರ ಫೆಬ್ರುವರಿಯಲ್ಲಿ ಆ ಸೌಲಭ್ಯವನ್ನು ಅಲ್ಲಿನ ಬಳಕೆದಾರರಿಂದ ಹಿಂಪಡೆಯಿತು.

ಪೂರ್ಣ ಎನ್‌ಕ್ರಿಪ್ಷನ್ ಇದ್ದಲ್ಲಿಯೂ ಹಂಚಿಕೆ ಎಂಬುದು ಗುಟ್ಟನ್ನು ಬಿಟ್ಟುಕೊಡುವ ಕ್ರಿಯೆಯೇ. ಮೆಗಾದ ಸಾರ್ವಜನಿಕ ಲಿಂಕಿನಲ್ಲಿ # ಚಿಹ್ನೆಯ ನಂತರದ ಭಾಗದಲ್ಲಿ ಫೈಲಿನ ಕೀಲಿಯೇ ಇರುತ್ತದೆ. ಬ್ರೌಸರ್ ಆ ಭಾಗವನ್ನು ಸರ್ವರ್‌ಗೆ ಕಳುಹಿಸುವುದಿಲ್ಲವಾದ್ದರಿಂದ ಕಂಪನಿಗೆ ಕೀಲಿ ತಿಳಿಯುವುದಿಲ್ಲ. ಆದರೆ ಪೂರ್ತಿ ಲಿಂಕ್ ಕೈಗೆ ಸಿಕ್ಕ ಯಾರಾದರೂ ಅದನ್ನು ಕಂಪನಿಗೆ ದೂರಿನೊಂದಿಗೆ ಕಳುಹಿಸಿದರೆ ಕೀಲಿಯೂ ಜೊತೆಗೆ ಹೋಗುತ್ತದೆ, ಫೈಲೂ ತೆರೆಯುತ್ತದೆ. ಅಲ್ಲಿ ತಪಾಸಣೆಯ ಜಾಗದಲ್ಲಿ ದೂರು ಇದೆ.

ತಡೆ ಬಿದ್ದಾಗ ಬಳಕೆದಾರನಿಗೆ ಏನು ಹಕ್ಕಿದೆ ಎಂಬುದು ಅವನು ಎಲ್ಲಿದ್ದಾನೆ ಎಂಬುದರ ಮೇಲೆ ನಿಂತಿದೆ. ಯೂರೋಪ್ ಒಕ್ಕೂಟದಲ್ಲಿ 2024ರ ಫೆಬ್ರುವರಿ 17ರಿಂದ ಪೂರ್ಣವಾಗಿ ಜಾರಿಯಲ್ಲಿರುವ ಡಿಜಿಟಲ್ ಸೇವೆಗಳ ಕಾಯ್ದೆಯ 17ನೇ ವಿಧಿಯಂತೆ, ಫೈಲಿಗೋ ಖಾತೆಗೋ ನಿರ್ಬಂಧ ಹಾಕುವ ಸಂಗ್ರಹ ಸೇವೆಯು ಯಾವ ಕಾನೂನು ಅಥವಾ ಯಾವ ನಿಯಮದ ಆಧಾರದ ಮೇಲೆ, ಯಾವ ಸಂಗತಿಗಳನ್ನು ಪರಿಗಣಿಸಿ ಹಾಗೆ ಮಾಡಿತು, ನಿರ್ಧಾರದಲ್ಲಿ ಸ್ವಯಂಚಾಲಿತ ಸಾಧನ ಬಳಕೆಯಾಯಿತೇ ಎಂಬುದನ್ನು ನಿರ್ದಿಷ್ಟವಾಗಿ ತಿಳಿಸಬೇಕು. ಆದರೆ ಕಂಪನಿಯೊಳಗೇ ಮೇಲ್ಮನವಿ ಸಲ್ಲಿಸುವ ವ್ಯವಸ್ಥೆಯನ್ನು ಕಡ್ಡಾಯಗೊಳಿಸುವ 20ನೇ ವಿಧಿ ಸಾರ್ವಜನಿಕ ಪ್ರಸಾರವೇ ಪ್ರಧಾನವಾದ ವೇದಿಕೆಗಳಿಗೆ ಉದ್ದೇಶಿಸಿದ್ದು. ಪ್ರಸಾರ ಆನುಷಂಗಿಕವಷ್ಟೇ ಆಗಿರುವ ಕ್ಲೌಡ್ ಸೇವೆಗಳು ಸಾಮಾನ್ಯವಾಗಿ ಅದರ ಹೊರಗೆ ಉಳಿಯುತ್ತವೆ. ಕಾರಣ ಕೇಳುವ ಹಕ್ಕಿದೆ, ವಾದಿಸುವ ಹಕ್ಕು ಅಷ್ಟು ಗಟ್ಟಿಯಾಗಿಲ್ಲ. ಒಬ್ಬ ವ್ಯಕ್ತಿಯ ಇಡೀ ದಾಖಲೆಸಂಗ್ರಹವನ್ನು ಹೊತ್ತ ಸೇವೆಗೆ ಈ ವಿನಾಯಿತಿ ತಕ್ಕುದೆಂದು ನನಗೆ ಅನಿಸುವುದಿಲ್ಲ.

ಬಳಕೆದಾರನಾಗಿ ಮಾಡಬಹುದಾದದ್ದು ಸ್ವಲ್ಪವೇ, ಆದರೆ ಅಷ್ಟನ್ನು ಮಾಡುವುದು ಕಷ್ಟವಲ್ಲ. ಫೈಲಿನ ಮೇಲೆ ನಿರ್ಬಂಧ ಬಿದ್ದ ಇಮೇಲ್‌ನಲ್ಲಿ ಮರುಪರಿಶೀಲನೆಯ ಕೊಂಡಿ ಇದ್ದರೆ ಅದನ್ನು ಬಳಸಬೇಕು, ಮತ್ತು ನಿರ್ಬಂಧ ಫೈಲಿಗೆ ಮಾತ್ರವೋ ಖಾತೆಗೋ ಎಂಬುದನ್ನು ಮೊದಲು ಓದಿಕೊಳ್ಳಬೇಕು. ತೀರಾ ಖಾಸಗಿಯಾದ ದಾಖಲೆಗಳನ್ನು ಕ್ರಿಪ್ಟೋಮೇಟರ್‌ನಂಥ ಮುಕ್ತ ತಂತ್ರಾಂಶದಿಂದ ತನ್ನ ಕಂಪ್ಯೂಟರಿನಲ್ಲೇ ಎನ್‌ಕ್ರಿಪ್ಟ್ ಮಾಡಿ ಯಾವ ಡ್ರೈವ್‌ನಲ್ಲಾದರೂ ಇಡಬಹುದು. ಪಾಸ್‌ವರ್ಡ್ ಮರೆತರೆ ಯಾರೂ ಬಿಡಿಸಿಕೊಡಲಾರರು ಎಂಬುದು ಅದರ ಬೆಲೆ. ವೈದ್ಯಕೀಯ ಚಿತ್ರಗಳನ್ನು ತೆಗೆಯುವಾಗ ಫೋನಿನ ಸ್ವಯಂಚಾಲಿತ ಬ್ಯಾಕಪ್ ಯಾವ ಫೋಲ್ಡರ್‌ಗಳನ್ನು ಒಯ್ಯುತ್ತಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಕಳೆದುಕೊಳ್ಳಲಾಗದ ಫೈಲುಗಳ ಇನ್ನೊಂದು ಪ್ರತಿ ಸ್ವಂತ ಡಿಸ್ಕಿನಲ್ಲಿರಬೇಕು, ಖಾತೆಯ ಮರುಪ್ರಾಪ್ತಿಗೆ ಕೊಟ್ಟ ಇಮೇಲ್ ವಿಳಾಸ ಅದೇ ಕಂಪನಿಯದಾಗಿರಬಾರದು, ಏಕೆಂದರೆ ಖಾತೆ ಮುಚ್ಚಿದ ದಿನ ನಿರ್ಬಂಧದ ಸೂಚನೆಯೂ ಮೇಲ್ಮನವಿಯ ಉತ್ತರವೂ ಆ ಮುಚ್ಚಿದ ಪೆಟ್ಟಿಗೆಗೇ ಹೋಗಿ ಬೀಳಬಹುದು.